ಎಲ್ಲೆಕಲ್ಲಿನ ಅಡಿಯ ಗುರುತು

ಎರ್ಲೆನ್‌ಗ್ರುಂಡ್, ಫ್ರಾಂಕೋನಿಯಾ
ಸಂತ ಮಾರ್ಟಿನ್ ಹಬ್ಬದ ಮರುದಿನ, 1777

ನನ್ನ ಕಂದ ಯೋಬ್ಸ್ಟ್,

ನಿನ್ನ ಕೆಮ್ಮು ಹೇಗಿದೆ? ನ್ಯೂರೆಂಬರ್ಗಿನಲ್ಲಿ ಪೀಪಾಯಿ ಕಟ್ಟುವ ಹುಡುಗರೆಲ್ಲ ತೇವದ ನೆಲದಲ್ಲೇ ಮಲಗುತ್ತಾರಂತೆ, ನೀನು ಹಾಗೆ ಮಾಡಬೇಡ. ಎದೆಗೆ ಬಾತುಕೋಳಿ ಕೊಬ್ಬು ಸವರಿಕೋ. ನಿನ್ನ ಯಜಮಾನನ ಹೆಂಡತಿ ಹೊಟ್ಟೆ ತುಂಬ ಇಕ್ಕುತ್ತಾಳೋ, ಮುಖ ನೋಡಿ ಬಡಿಸುತ್ತಾಳೋ? ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ನಗಬೇಡ. ಪಾದ್ರಿಯ ಕೈಲಿ ಬರೆಸಿದ್ದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತಿತ್ತು.

ನೀನು ತಪ್ಪಿಸಿಕೊಂಡು ಹೋದ ಮೇಲೆ ನಮ್ಮ ಸೀಮೆಯ ಒಡೆಯ ಕೌಂಟನ ಸಿಪಾಯಿಗಳು ನಿನ್ನನ್ನು ಹುಡುಕಿ ಬಂದು ಹುಲ್ಲಿನ ಬಣವೆಗೆಲ್ಲ ಕತ್ತಿ ಚುಚ್ಚಿ ಹೋದರು. ಕಡಲಾಚೆಯ ಯುದ್ಧಕ್ಕೆ ಆ ಮಹಾನುಭಾವ ಬಾಡಿಗೆಗೆ ಕೊಟ್ಟ ಹುಡುಗರಲ್ಲಿ ಒಬ್ಬನ ಸುದ್ದಿಯೂ ಬಂದಿಲ್ಲ. ಹಿತ್ತಿಲಿನ ಎಲ್ಲೆಕಲ್ಲು ದಾಟಿದರೆ ಬಿಷಪ್ಪನ ಸೀಮೆ, ಅಲ್ಲಿ ಈ ಕಾಟವಿಲ್ಲ. ಒಲೆ ಯಾವ ಸೀಮೆಯಲ್ಲೋ ಮನೆಯ ಮಕ್ಕಳೂ ಆ ಸೀಮೆಯವರು. ನಮ್ಮ ಒಲೆ ಕಲ್ಲಿನ ಈಚೆಗೆ ಬಿತ್ತಲ್ಲ, ಹಣೆಬರಹ.

ಈ ಸಲ ಹೊಳೆ ಉಕ್ಕಿ ಆ ಕಲ್ಲು ವಾಲಿತು. ಅದು ನೀರಿಗೆ ಜರುಗಿ ಬಂದ ಕಲ್ಲು, ನಿಮ್ಮ ಮನೆ ನಮ್ಮದು ಎಂದು ಬಿಷಪ್ಪನ ಅಮಲ್ದಾರ ತಗಾದೆ ತೆಗೆದ. ತೀರ್ಮಾನ ಹೇಳಬೇಕಾದವರು ಆಣೆ ಮಾಡಿದ ಏಳು ಮಂದಿ, ಅವರಲ್ಲಿ ಹಿರಿಯರು ನಿನ್ನಪ್ಪ. ಕಲ್ಲು ನೆಡುವಾಗ ಅಡಿಯಲ್ಲಿ ಏನು ಹೂತರು ಎನ್ನುವುದು ಆ ಏಳು ಮಂದಿಗೆ ಮಾತ್ರ ಗೊತ್ತು. ಗುರುತು ಸಿಕ್ಕಿದರೆ ಕಲ್ಲು ತನ್ನ ಜಾಗದಲ್ಲೇ ಇದೆ ಎಂದರ್ಥ, ಸಿಗದಿದ್ದರೆ ನಮ್ಮ ಮನೆ ಬಿಷಪ್ಪನ ಪಾಲು. ಇಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ್ದೇನೆ, ಪುಣ್ಯಾತ್ಮ ನನ್ನ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ನಾನು ಅವರ ಕಾಲು ಹಿಡಿದೆ. ಏನೂ ಇಲ್ಲ ಅಂತ ಒಂದು ಮಾತು ಹೇಳಿ, ಮಗ ಮನೆಗೆ ಬರ್ತಾನೆ ಎಂದೆ. "ಎಲ್ಲೆಕಲ್ಲಿನ ಮೇಲೆ ಸುಳ್ಳು ಹೇಳಿದೋನು ಸತ್ತ ಮೇಲೆ ಉರಿಯೋ ಕಲ್ಲು ಹೊತ್ಕೊಂಡು, ಎಲ್ಲಿಡ್ಲಿ ಎಲ್ಲಿಡ್ಲಿ ಅಂತ ಅಲೀತಾನೆ ಕಣೇ" ಎಂದರು. ಸತ್ತ ಮೇಲಿನ ಕಲ್ಲಿಗೆ ಹೆದರಿ ಬದುಕಿರೋ ಮಗನ್ನ ಕಳ್ಕೋತೀರಾ ಎಂದು ಕೇಳಿಯೇಬಿಟ್ಟೆ. ನೀನು ಚಿಕ್ಕವನಿದ್ದಾಗ ಎಲ್ಲೆ ಸುತ್ತುವ ದಿನ, ಜಾಗ ಮರೆಯದಿರಲಿ ಎಂದು ಅದೇ ಕಲ್ಲಿನ ಹತ್ತಿರ ನಿನ್ನ ಕೆನ್ನೆಗೆ ಬಾರಿಸಿದವರು ಅವರು. ಅವತ್ತು ನಾನು ಅವರಿಗೆ ಊಟ ಇಕ್ಕಿರಲಿಲ್ಲ.

ಅಗೆಯುವ ದಿನ ಎರಡೂ ಸೀಮೆಯವರು ಪದ್ಧತಿಯಂತೆ ಬೆನ್ನು ತಿರುಗಿಸಿ ನಿಂತರು. ನಿನ್ನಪ್ಪ ಗುಂಡಿಗೆ ಕೈ ಹಾಕಿದರು. ಬಹಳ ಹೊತ್ತು ಕೈ ತೆಗೆಯಲಿಲ್ಲ. ಆಮೇಲೆ "ಏನೂ ಇಲ್ಲ" ಎಂದರು. ಉಳಿದ ಆರು ಮಂದಿ ನೆಲ ನೋಡುತ್ತ ನಿಂತರು. ನಿನ್ನನ್ನು ಎತ್ತಿ ಆಡಿಸಿದವರಲ್ಲವೇ, ಒಬ್ಬರೂ ತುಟಿ ಬಿಚ್ಚಲಿಲ್ಲ. ಕಮ್ಮಾರ ಕಿಲಿಯನ್ ಮಾತ್ರ ಹೋಗುವಾಗ ಬಾಗಿಲಲ್ಲಿ ನಿಂತು, "ಅಪೊಲೋನಿಯಕ್ಕ, ಆ ಕಲ್ಲು ಇನ್ಮೇಲೆ ನಮ್ಮ ಏಳು ಜನದ ತಲೆ ಮೇಲೆ" ಎಂದ.

ಮನೆಯೊಳಗೆ ಬಂದು ನಿನ್ನಪ್ಪ ಮುಷ್ಟಿ ಬಿಚ್ಚಿದರು. ಸುಟ್ಟ ಮಣ್ಣಿನ ಮೂರು ಚೂರು, ಅಷ್ಟೇ. ಅವತ್ತು ಹಾಸಿಗೆ ಹಿಡಿದವರು ಏಳಲಿಲ್ಲ. ಕೇಳುತ್ತಿದ್ದದ್ದು ಒಂದೇ, ಯೋಬ್ಸ್ಟ್ ಬಂದ್ನಾ ಎಂದು. ಮಗನೇ, ಹೇಗೆ ಬರೆಯಲಿ, ಸಕಲ ಸಂತರ ಹಬ್ಬ ಕಳೆದ ಮೇಲೆ ಅವರು ತೀರಿಕೊಂಡರು. ಆ ಆರು ಮಂದಿಯೇ ಹೊತ್ತರು. ಚೂರುಗಳನ್ನು ಅವರ ಕೈಯಲ್ಲಿಟ್ಟು ಕಳಿಸಿದೆ. ಅಲ್ಲಿ ಯಾರಾದರೂ ಕೇಳಿದರೆ, ತಾನು ಕದ್ದದ್ದು ಇಷ್ಟೇ ಎಂದು ತೋರಿಸಲಿ.

ನಿನ್ನ ಯಜಮಾನರಿಗೂ ಮನೆಯವರಿಗೂ ನನ್ನ ನಮಸ್ಕಾರ ಹೇಳು. ದೇವರು ನಿನ್ನನ್ನು ಕಣ್ಣರೆಪ್ಪೆಯಂತೆ ಕಾಯಲಿ.

ನಿನ್ನ ತಾಯಿ,
ಅಪೊಲೋನಿಯಾ

ಮರೆತ ಮಾತಲ್ಲ, ಬರೆಯಲು ಕೈ ಬಾರದ್ದು: ಕ್ರಿಸ್‌ಮಸ್ಸಿಗೆ ಬರುತ್ತೇನೆಂದು ಬರೆದಿದ್ದೀಯ. ಬರಬೇಡ. ಈಗ ಬಿಷಪ್ಪನೂ ಅದೇ ಯುದ್ಧಕ್ಕೆ ಆಳು ಕೊಡಲು ಒಪ್ಪಿದ್ದಾನೆ, ಹೊಸದಾಗಿ ಸೇರಿದ ಮನೆಗಳಿಂದಲೇ ಮೊದಲು. ಅಮಲ್ದಾರ ನಮ್ಮ ಬಾಗಿಲಲ್ಲಿ ನಿಂತು ನಿನ್ನ ಹೆಸರು ಕೂಗಿದಾಗ ನಿನ್ನಪ್ಪನಿಗೆ ಇನ್ನೂ ಉಸಿರಿತ್ತು. ಯಾರೇ ಯೋಬ್ಸ್ಟ್ ಅಂದಿದ್ದು ಎಂದು ಕೇಳಿದರು. ನಿಮ್ಮ ಮಗ ಸೇತುವೆ ದಾಟಿದ್ನಂತೆ ಕಣ್ರೀ, ಬಂದೇಬಿಟ್ಟ ಎಂದೆ. ನಕ್ಕರು. ಹಾಗೇ ಹೋದರು.