ನಿಮ್ಮಪ್ಪನ ಗೋಲು, ನನ್ನ ಮಾತು

ಹಾಸ್ಲೋ
ಶುಕ್ರವಾರ, 4 ನವೆಂಬರ್ 2022

ನನ್ನ ಪ್ರೀತಿಯ ಹೇಝಲ್‌ಗೆ,

ಕ್ಲಬ್ಬಿನ ಮೇಲಿನ ದಾವೆಗೆ ನನ್ನ ಹೆಸರಿನಲ್ಲಿ ನೀನು ಬರೆದು ಕಳಿಸಿದ ಹೇಳಿಕೆಯ ಕಾಗದಗಳು ಮಂಗಳವಾರವೇ ಬಂದವು. ಸಹಿ ಹಾಕಬೇಕಾದಲ್ಲೆಲ್ಲ ಹಳದಿ ಚೀಟಿ ಅಂಟಿಸಿದ್ದೀಯ. ಅಮ್ಮನಿಗೆ ಕಣ್ಣೂ ಮಂಜು, ಬುದ್ಧಿಯೂ ಮಂಜು ಅಂದುಕೊಂಡಿರಬೇಕು. ಬರುವ ಬುಧವಾರದೊಳಗೆ ವಕೀಲರ ಕೈ ಸೇರಬೇಕು ಅಂತ ಕೆಂಪು ಶಾಯಿಯಲ್ಲಿ ಬರೆದಿದ್ದೀಯ. ಅವು ನಾಲ್ಕು ದಿನದಿಂದ ಬ್ರೆಡ್ ಡಬ್ಬಿಯ ಮೇಲೆ ಕೂತಿವೆ. ನಾನು ಸಹಿ ಹಾಕಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಅಳುತ್ತೇನೆ, ಕೊನೆಗೆ ಇಬ್ಬರೂ ಮಳೆ ಚಳಿಯ ಮಾತಾಡಿ ಫೋನ್ ಇಡುತ್ತೇವೆ. ಅದಕ್ಕೇ ಈ ಕಾಗದ. ಬರೆಯುವಾಗ ನನ್ನನ್ನು ಯಾರೂ ತಡೆಯುವುದಿಲ್ಲ.

ಮೊದಲು ನಿಮ್ಮಪ್ಪನ ಸಮಾಚಾರ. ನಿನ್ನೆ ಆರೈಕೆ ಮನೆಗೆ ಹೋಗಿದ್ದೆ. ಗಡ್ಡ ತೆಗೆದು, ಬೂದು ಬಣ್ಣದ ಸ್ವೆಟರ್ ಹಾಕಿ ಕಿಟಕಿಯ ಹತ್ತಿರ ಕೂರಿಸಿದ್ದರು. ನಾನು ಯಾರೆಂದು ಗೊತ್ತಾಗಲಿಲ್ಲ. "ಬಸ್ಸು ಹೊರಡೋದು ಎಷ್ಟು ಗಂಟೆಗೆ?" ಎಂದು ಎರಡು ಸಲ ಕೇಳಿದರು. ತಂಡದ ಬಸ್ಸು, ಪರವೂರಿನ ಪಂದ್ಯಕ್ಕೆ. ಇನ್ನೂ ಸಮಯ ಇದೆ ಅಂದೆ. ಕಸ್ಟರ್ಡ್ ತಿನ್ನಿಸಿದೆ. ಆಮೇಲೆ ಅವರನ್ನು ನೋಡಿಕೊಳ್ಳುವ ಟೆಂಡೈ ಒಳಗೆ ಬಂದಳು. ಅವಳ ಊರು ಹರಾರೆ. ಫುಟ್ಬಾಲ್ ಎಂದರೆ ಅವಳ ಮನೆಮಂದಿಗೆಲ್ಲ ಪ್ರಾಣವಂತೆ. ಅವಳನ್ನು ಕಂಡರೆ ನಿಮ್ಮಪ್ಪನಿಗೆ ಕೇಳುಗರು ಸಿಕ್ಕಿದಂತೆ. ಕೂಡಲೇ ಗೋಲಿನ ಕತೆ ಶುರು.

ನಿನಗೂ ಅದು ಬಾಯಿಪಾಠ. ಬಾರ್ನಿ ಪೈಕ್ ಎಡಗಡೆಯಿಂದ ಚೆಂಡು ಎತ್ತಿದ್ದು, ಲಂಡನ್ನಿನ ಆ ಆರಡಿ ಮೂರಂಗುಲದ ಡಿಫೆಂಡರನ ಭುಜದ ಮೇಲಿಂದ ಇವರು ಹಾರಿ ಹಣೆ ಕೊಟ್ಟದ್ದು, ಚೆಂಡು ಕಂಬಕ್ಕೆ ತಾಗಿ ಒಳಗೆ ಹೋದದ್ದು. ಆಮೇಲೆ ಗೋಲಿನ ಹಿಂದೆ ನಿಂತಿದ್ದ ಪೊಲೀಸಿನವನು ಕೆಲಸ ಮರೆತು ಕುಣಿದದ್ದು, ಅವನ ಹೆಲ್ಮೆಟ್ ಉರುಳಿ ಮೈದಾನಕ್ಕೆ ಬಂದದ್ದು, ಸಿಟ್ಟಿನಲ್ಲಿದ್ದ ಗೋಲ್‌ಕೀಪರ್ ಅದನ್ನೇ ಜಾಡಿಸಿ ಒದ್ದದ್ದು. "ಪಾಪ, ಕಾನ್‌ಸ್ಟೇಬಲ್ ಮುಖ ನೋಡ್ಬೇಕಿತ್ತು ನೀನು!" ಎಂದು ಟೆಂಡೈಯ ಕೈ ತಟ್ಟಿ ನಕ್ಕರು. ಹೆಂಡತಿ ಮರೆತುಹೋದಳು, ಮಗಳು ಮರೆತುಹೋದಳು, ಮೂತ್ರಕ್ಕೆ ಹೋಗುವುದೂ ಮರೆತುಹೋಯಿತು. ಹೆಲ್ಮೆಟ್ ಮಾತ್ರ ಉಳಿದಿದೆ.

ಹೇಝಲ್, ಆ ಗೋಲು ಹೊಡೆದಾಗ ನಿಮ್ಮಪ್ಪ ಕೆಸರಿನಲ್ಲಿ ಮುಖ ಕೆಳಗಾಗಿ ಬಿದ್ದಿದ್ದರು. ಮೇಲೆ ನಾಲ್ಕು ಜನ ಬಿದ್ದಿದ್ದರು. ಅವರಿಗೆ ಪೊಲೀಸಿನವನು ಕಂಡದ್ದು ಹೇಗೆ ಎಂದು ಐವತ್ತು ವರ್ಷದಲ್ಲಿ ಒಬ್ಬರೂ ಕೇಳಲಿಲ್ಲ. ನೀನೂ ಕೇಳಲಿಲ್ಲ. ಕಂಡದ್ದು ನನಗೆ. ಹೆಂಡತಿಯರ ಸಾಲಿನಲ್ಲಿ, ಸೋರುವ ತಗಡಿನ ಕೆಳಗೆ ಕೂತಿದ್ದ ನನಗೆ.

ಈಗ ನಿನ್ನ ಹೇಳಿಕೆಯ ಏಳನೆಯ ಪ್ಯಾರಾ. ಆ ಗೋಲಿನ ಹಿಂದಿನ ಶನಿವಾರದ ಪಂದ್ಯದಲ್ಲಿ ಅಪ್ಪನ ತಲೆಗೆ ಬಲವಾದ ಪೆಟ್ಟು ಬಿದ್ದದ್ದು ಗೊತ್ತಿದ್ದೂ ಮ್ಯಾನೇಜರ್ ಆಗ್ಡನ್ ಅವರು ವಿಚಾರಿಸದೆ, ಮೂರನೆಯ ದಿನವೇ ಅವರನ್ನು ಆಡಿಸಿದರು ಎಂದು ಬರೆದಿದ್ದೀಯ. ಮಿಕ್ಕದ್ದೆಲ್ಲ ನಿಜ. ಹದಿನೇಳನೆಯ ವಯಸ್ಸಿನಿಂದ ದಿನಾ ಮಧ್ಯಾಹ್ನ ಸ್ಟ್ಯಾಂಡಿನ ಕೆಳಗೆ ಹಗ್ಗಕ್ಕೆ ಚೆಂಡು ಕಟ್ಟಿ ನೂರು ಸಲ ತಲೆಯಲ್ಲಿ ಹೊಡೆಸುತ್ತಿದ್ದದ್ದು ನಿಜ. ನೀರು ಕುಡಿದ ಚೆಂಡು ಕಲ್ಲಿನಂತಾಗುತ್ತಿದ್ದದ್ದು ನಿಜ. ನೂರ ಅರವತ್ಮೂರು ಗೋಲುಗಳಲ್ಲಿ ತೊಂಬತ್ತೇಳು ತಲೆಯಿಂದಲೇ ಬಂದದ್ದೂ ನಿಜ. ಎಷ್ಟು ಪಂದ್ಯದ ಸಂಜೆ ಅವರು ಕತ್ತಲೆ ಕೋಣೆಯಲ್ಲಿ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ್ದರೋ ನಾನು ಲೆಕ್ಕ ಇಟ್ಟಿಲ್ಲ. ಅದನ್ನೆಲ್ಲ ಜೋರಾಗಿಯೇ ಹೇಳು. ಆದರೆ ಏಳನೆಯ ಪ್ಯಾರಾ ಸುಳ್ಳು. ಆಗ್ಡನ್ ವಿಚಾರಿಸಿದ್ದರು. ನನ್ನನ್ನೇ ವಿಚಾರಿಸಿದ್ದರು.

ಅದು ಅವರ ಪದ್ಧತಿ. ಆಟಗಾರನ ಮಾತನ್ನು ನಂಬುತ್ತಲೇ ಇರಲಿಲ್ಲ. ಸ್ಟ್ರೈಕರ್ ಆದವನು ಒಂದು ಶನಿವಾರ ಕೂತರೆ ಅವನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ, ಆ ಇನ್ನೊಬ್ಬ ಗೋಲು ಹೊಡೆದರೆ ಮುಗಿಯಿತು. ಹಾಗಾಗಿ ಎಲ್ಲರೂ ನೋವು ನುಂಗಿಕೊಂಡು ಚೆನ್ನಾಗಿದ್ದೇನೆ ಅನ್ನುವವರೇ. ಕ್ಲಬ್ಬಿನ ಮನೆಗಳಿಗೆಲ್ಲ ಆಗ್ಡನ್ ಫೋನ್ ಹಾಕಿಸಿದ್ದೇ ಸೋಮವಾರ ಬೆಳಿಗ್ಗೆ ಹೆಂಡತಿಯರನ್ನು ಕೇಳುವುದಕ್ಕೆ. ಹೆಂಡತಿ ಬೇಡ ಅಂದರೆ ಆಟಗಾರ ಕುಣಿದರೂ ಆಡಿಸುತ್ತಿರಲಿಲ್ಲ. ಬಾರ್ನಿಯ ಹೆಂಡತಿ ಜೋನ್ ಒಂದು ಸಲ ಅವನ ತೊಡೆ ನೋವಿನ ವಿಷಯ ನಿಜ ಹೇಳಿದ್ದಳು. ಬಾರ್ನಿ ಐದು ವಾರ ಹೊರಗೆ ಕೂತ. ಅವನು ಅವಳ ಜೊತೆ ಮಾತು ಬಿಟ್ಟದ್ದನ್ನು ಇಡೀ ಬೀದಿ ನೋಡಿತ್ತು.

ಆ ಶನಿವಾರ ನಾನು ಕಣ್ಣಾರೆ ನೋಡಿದೆ. ಗೋಲ್‌ಕೀಪರನ ಮೊಣಕಾಲು ನಿಮ್ಮಪ್ಪನ ಕಿವಿಯ ಹತ್ತಿರ ಬಡಿಯಿತು. ಒದ್ದೆ ಸ್ಪಂಜಿನಿಂದ ಮುಖ ಒರೆಸಿ ಎಬ್ಬಿಸಿದರು. ಎದ್ದರು, ಪಂದ್ಯ ಮುಗಿಯುವವರೆಗೂ ಆಡಿದರು. ಮನೆಗೆ ಬಂದು ಸಿಂಕಿನಲ್ಲಿ ವಾಂತಿ ಮಾಡಿಕೊಂಡರು. ನೀರಿಲ್ಲದ ಕೆಟಲನ್ನು ಒಲೆಯ ಮೇಲಿಟ್ಟರು. ನನ್ನನ್ನು ಅವರ ತೀರಿಹೋದ ತಾಯಿಯ ಹೆಸರಿನಿಂದ ಕರೆದು, "ನಾಳೆ ಶಾಲೆ ಇದ್ಯಾ?" ಅಂತ ಕೇಳಿದರು. ಭಾನುವಾರ ಇಡೀ ದಿನ ಮಲಗಿದ್ದರು. ನನಗಾಗ ಇಪ್ಪತ್ತೆರಡು ವರ್ಷ. ಹೆದರಿದ್ದೆ, ಆದರೆ ಯಾರಿಗೂ ಹೇಳಲಿಲ್ಲ.

ಪಂದ್ಯ ಸಮ ಆಗಿತ್ತು. ಮರುಪಂದ್ಯ ಮಂಗಳವಾರ, ನಮ್ಮೂರಲ್ಲೇ. ಕಲ್ಲಿದ್ದಲು ಗಣಿಯವರ ಮುಷ್ಕರದಿಂದ ಕರೆಂಟಿಲ್ಲದ ಚಳಿಗಾಲ ಅದು. ಮೈದಾನದ ದೀಪ ಹಾಕುವಂತಿರಲಿಲ್ಲವಾದ್ದರಿಂದ ಮಧ್ಯಾಹ್ನ ಎರಡಕ್ಕೇ ಆಟ ಇಟ್ಟರು. ಬಣ್ಣದ ಮಿಲ್ಲಿನವರು ಅರ್ಧ ದಿನ ರಜೆ ಕೊಟ್ಟರು. ಮೊದಲ ಡಿವಿಷನ್ನಿನ ಒಂದು ದೊಡ್ಡ ಕ್ಲಬ್ಬಿನವರು ನಿಮ್ಮಪ್ಪನನ್ನು ನೋಡುವುದಕ್ಕೇ ಬರುತ್ತಿದ್ದಾರೆ ಎಂದು ಊರೆಲ್ಲ ಮಾತಾಡುತ್ತಿತ್ತು.

ಸೋಮವಾರ ಒಂಬತ್ತಕ್ಕೆ ಫೋನ್ ಬಂತು. ನಿಮ್ಮಪ್ಪ ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ತುಟಿಯ ಮೇಲೆ ಬೆರಳಿಟ್ಟು, ಎರಡೂ ಕೈ ಜೋಡಿಸಿ, ಹೇಳಬೇಡ ಎಂದು ಸನ್ನೆ ಮಾಡಿದರು. ಆಗ್ಡನ್ ಅಂದದ್ದು ಇಷ್ಟು: "ಗ್ಲೆನಿಸ್, ನಿಜ ಹೇಳಮ್ಮ. ಹುಡುಗ ಹೇಗಿದ್ದಾನೆ? ಅವನನ್ನ ಕೇಳಿದ್ರೆ ಶವಪೆಟ್ಟಿಗೆಯಿಂದ ಎದ್ದು ಬಂದಾದ್ರೂ ಬೂಟು ಕಟ್ಕೋತಾನೆ. ನೀನು ಹೇಳು."

"ಚೆನ್ನಾಗಿದ್ದಾರೆ ಮಿಸ್ಟರ್ ಆಗ್ಡನ್. ಎರಡು ಮೊಟ್ಟೆ ತಿಂದ್ರು, ಬೇಕನ್ ಇನ್ನೂ ಇದ್ಯಾ ಅಂತ ಕೇಳಿದ್ರು" ಅಂದೆ. ವಾಂತಿ ಏನಾದರೂ? ಇಲ್ಲ. ತಲೆನೋವು? "ಅದು ನನಗಿದೆ, ಅವರಿಂದಾನೇ" ಅಂದೆ. ಆಗ್ಡನ್ ಜೋರಾಗಿ ನಕ್ಕರು. "ಸರಿ ಬಿಡು ತಾಯಿ, ನಿನ್ನ ಮಾತೇ ನನಗೆ ಡಾಕ್ಟರ್ ಚೀಟಿ" ಎಂದು ಫೋನ್ ಇಟ್ಟರು.

ಮಂಗಳವಾರ ನಿಮ್ಮಪ್ಪ ಗೋಲು ಹೊಡೆದರು. ಊರಿಗೆ ಊರೇ ಹುಚ್ಚಾಯಿತು. ಬುಧವಾರ ಬೆಳಿಗ್ಗೆ ಪೇಪರ್ ಮುಂದಿಟ್ಟುಕೊಂಡು, ಅದರಲ್ಲಿದ್ದ ತಮ್ಮದೇ ಫೋಟೋದ ಮೇಲೆ ಬೆರಳಿಟ್ಟು, "ಗ್ಲೆನ್, ಇದು ನಾನೇನಾ?" ಅಂತ ಕೇಳಿದರು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಮುಖ ನೋಡಿದೆ, ತಮಾಷೆಯಲ್ಲ. ಮೈದಾನಕ್ಕೆ ಹೋದದ್ದು ನೆನಪಿಲ್ಲ, ಆಡಿದ್ದು ನೆನಪಿಲ್ಲ, ಗೋಲು ನೆನಪಿಲ್ಲ. ಹತ್ತು ಗಂಟೆಗೆ ಪತ್ರಿಕೆಯವನು ಬರುವವನಿದ್ದ. ನಾನು ಎದುರಿಗೆ ಕೂತು ಮೊದಲಿಂದ ಕೊನೆಯವರೆಗೆ ಹೇಳಿಕೊಟ್ಟೆ, ಶಾಲೆಯ ಮಗ್ಗಿ ಒಪ್ಪಿಸುವಂತೆ ಮೂರು ಸಲ ಒಪ್ಪಿಸಿಕೊಂಡೆ. ನನಗೆ ಕಂಡದ್ದನ್ನೇ ಹೇಳಿದೆ, ಹೆಲ್ಮೆಟ್ಟೂ ಸೇರಿತು. ಅವತ್ತಿನಿಂದ ಅದೇ ಅವರ ಗೋಲಾಯಿತು.

ಇಷ್ಟು ಬರೆದು ಎದ್ದು ಟೀ ಮಾಡಿಕೊಂಡೆ. ಬಂದು ಓದಿದೆ. ಮೇಲೆ ಒಂದು ಕಡೆ ಸುಳ್ಳು ಬರೆದಿದ್ದೇನೆ, ಹೇಝಲ್. ಹೊಡೆದು ಹಾಕುವುದಿಲ್ಲ, ಇರಲಿ. ಎಪ್ಪತ್ಮೂರನೆಯ ವಯಸ್ಸಿನಲ್ಲೂ ನಿಮ್ಮಮ್ಮನಿಗೆ ಸುಳ್ಳು ಎಷ್ಟು ಸಲೀಸಾಗಿ ಬರುತ್ತದೆ ನೋಡು.

ನಿಮ್ಮಪ್ಪ ಕುರ್ಚಿಯಲ್ಲಿ ಇರಲಿಲ್ಲ. ತುಟಿಯ ಮೇಲೆ ಬೆರಳಿಡಲಿಲ್ಲ, ಕೈ ಜೋಡಿಸಲಿಲ್ಲ. ಮಹಡಿಯ ಮೇಲೆ ಮಲಗಿದ್ದರು. ನನ್ನನ್ನು ಯಾರೂ ಬೇಡಿಕೊಳ್ಳಲಿಲ್ಲ. ನಾನೇ, ನನ್ನಷ್ಟಕ್ಕೆ ನಾನೇ, ಹೇಳಿದೆ.

ಯಾಕೆ ಅಂದರೆ ನನಗೆ ಬೇಕಾಗಿತ್ತು. ಮೂರು ತಿಂಗಳ ನೀನು ಹೊಟ್ಟೆಯಲ್ಲಿದ್ದೆ. ಆ ಮನೆಯ ಗೋಡೆಯಲ್ಲಿ ನೀರು ಇಳಿಯುತ್ತಿತ್ತು, ಒಗೆದ ಬಟ್ಟೆ ಹೊರಗೆ ಹಾಕಿದರೆ ಮಿಲ್ಲಿನ ಮಸಿ ಕೂರುತ್ತಿತ್ತು. ದೊಡ್ಡ ಕ್ಲಬ್ಬಿನ ಆಟಗಾರರ ಹೆಂಡತಿಯರ ಫೋಟೋ ಪತ್ರಿಕೆಯಲ್ಲಿ ನೋಡಿ, ಅಂಥದೇ ಒಂದು ತಿಳಿ ನೀಲಿ ಕೋಟು ಬೇಕು ಅಂದುಕೊಂಡಿದ್ದೆ. ನಿನಗಾಗಿ ಮಾಡಿದೆ ಅಂತ ಬರೆದರೆ ಚೆನ್ನಾಗಿ ಕಾಣುತ್ತದೆ. ಕೋಟಿಗಾಗಿಯೂ ಮಾಡಿದೆ.

ಕೋಟು ಬಂತು. ದೊಡ್ಡ ಕ್ಲಬ್ಬು ಆ ಬೇಸಿಗೆಯಲ್ಲೇ ಅವರನ್ನು ಕೊಂಡಿತು. ಅಲ್ಲಿ ಇಪ್ಪತ್ತೆರಡು ಪಂದ್ಯ, ಮೂರು ಗೋಲು. ಚೆಂಡು ಬರುವ ಹೊತ್ತಿಗೆ ಅರ್ಧ ಹೆಜ್ಜೆ ತಡವಾಗುತ್ತಿದ್ದರು. ಜನ "ಲೇ, ಎದ್ದೇಳೋ ಮಾಲ್ಕಮ್, ಬೆಳಗಾಯ್ತು!" ಎಂದು ಕೂಗುತ್ತಿದ್ದರು. ಆಮೇಲಿನದು ನಿನಗೆ ಗೊತ್ತು: ಐದು ಊರು, ಐದು ಶಾಲೆ, ಪ್ರತಿ ಸಲವೂ ಕೆಳಗಿನ ಡಿವಿಷನ್ನು. ಮೂವತ್ತೊಂದಕ್ಕೆ ಮೊಣಕಾಲು ಮುಗಿಯಿತು, ಪುನಃ ಹಾಸ್ಲೋ, ಬ್ರೆಡ್ಡಿನ ವ್ಯಾನು ಓಡಿಸುವ ಕೆಲಸ. ಐವತ್ತೆಂಟಕ್ಕೆ ವ್ಯಾನನ್ನು ಎಲ್ಲಿ ನಿಲ್ಲಿಸಿದ್ದೆ ಎಂದು ತಿಳಿಯದೆ ಮಳೆಯಲ್ಲಿ ನಡೆದು ಮನೆಗೆ ಬಂದರು. ಅವತ್ತು ನೀನು ನನ್ನನ್ನು ತಬ್ಬಿಕೊಂಡು, "ಇದು ಕ್ಲಬ್ಬಿನವರ ಪಾಪ ಅಮ್ಮ, ನಾನವರನ್ನ ಸುಮ್ನೆ ಬಿಡಲ್ಲ" ಅಂದೆ. ಆಗ ಹೇಳಬೇಕಿತ್ತು.

ಆ ಒಂದು ಪೆಟ್ಟಿನಿಂದಲೇ ಹೀಗಾಯಿತೆಂದು ಯಾವ ಡಾಕ್ಟರೂ ಹೇಳಲಾರರು ಅಂತ ನನಗೂ ಗೊತ್ತು. ಹಾಗಂದುಕೊಂಡು ಮಲಗಿದರೆ ನಿದ್ದೆ ಬರಬೇಕಲ್ಲ, ಬರುವುದಿಲ್ಲ. ಆಗ್ಡನ್ ಸತ್ತು ಹನ್ನೊಂದು ವರ್ಷವಾಯಿತು. ಅವರ ಹೆಂಡತಿ ಮೇವಿಸ್, ಎಂಬತ್ತೊಂಬತ್ತರ ಮುದುಕಿ, ಬುಧವಾರಕ್ಕೊಮ್ಮೆ ಎರಡು ಬಸ್ಸು ಬದಲಿಸಿ ಬಂದು ನಿಮ್ಮಪ್ಪನ ಕೈ ಹಿಡಿದುಕೊಂಡು ಕೂರುತ್ತಾಳೆ. ಏಳನೆಯ ಪ್ಯಾರಾಕ್ಕೆ ಸಹಿ ಹಾಕಿ, ಬರುವ ಬುಧವಾರ ಅವಳ ಎದುರಿಗೆ ನಾನು ಹೇಗೆ ಕೂರಲಿ?

ಅದಕ್ಕೇ ಆ ಪ್ಯಾರಾ ಹೊಡೆದು, ಪಕ್ಕದಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆದಿದ್ದೇನೆ. ಅದರ ಕೆಳಗೆ ಸಹಿ ಹಾಕುತ್ತೇನೆ. ನಿನ್ನ ಹನ್ನೆರಡು ವರ್ಷದ ಓಡಾಟಕ್ಕೆ ಇದರಿಂದ ಏಟು ಬೀಳಬಹುದು. ವಕೀಲರು ನಮ್ಮನ್ನು ಬಿಟ್ಟು ಬೇರೆ ಮನೆಯವರನ್ನು ಮುಂದಿಟ್ಟುಕೊಳ್ಳಬಹುದು. ನೀನು ಕ್ರಿಸ್‌ಮಸ್‌ಗೆ ಬರದೆಯೂ ಇರಬಹುದು. ಹಾಗೆ ಮಾಡಬೇಡ ಅಂತ ಕೇಳುವ ಹಕ್ಕು ನನಗಿಲ್ಲ, ಆದರೂ ಕೇಳುತ್ತೇನೆ. ಹೊಟ್ಟೆಗೆ ಹಾಕಿಕೋ ಮಗಳೇ.

ನಿನ್ನ ಅಮ್ಮ,
ಗ್ಲೆನಿಸ್

ವಿ.ಸೂ.: ಶನಿವಾರ ಸಂಜೆ ಬರೆಯುತ್ತಿದ್ದೇನೆ. ಬೆಳಿಗ್ಗೆ ಟಪಾಲಿಗೆ ಹಾಕಲು ಕೈಯೇಳಲಿಲ್ಲ, ಲಕೋಟೆ ಚೀಲದಲ್ಲಿಟ್ಟುಕೊಂಡೇ ಅವರನ್ನು ನೋಡಲು ಹೋದೆ. ಟೆಂಡೈ ಬಾಗಿಲಲ್ಲೇ ತಡೆದಳು. "ಆಂಟಿ, ಬೆಳಿಗ್ಗೆ ಸ್ನಾನ ಮಾಡಿಸೋವಾಗ ನನ್ನನ್ನ ಬಾರ್ನಿ ಅಂದ್ಕೊಂಡ್ರು, ಕತೆ ಬೇರೆ ಥರ ಹೇಳಿದ್ರು" ಅಂದಳು. ಅವಳು ಒಪ್ಪಿಸಿದಂತೆಯೇ ಬರೆಯುತ್ತೇನೆ: "ಬಾರ್ನಿ, ಆಮೇಲಾಮೇಲೆ ಒಂದೊಂದೇ ನೆನಪಾಯ್ತು. ನೀನು ಎತ್ತಿದ್ದು ಒಂದು ಚೆಂಡು, ನನಗೆ ಎರಡು ಕಾಣಿಸ್ತು ಕಣೋ. ಎಡಗಡೇದಕ್ಕೆ ತಲೆ ಕೊಟ್ಟೆ, ಪುಣ್ಯಕ್ಕೆ ಅದೇ ನಿಜದ್ದು. ಆಡಕ್ಕಾಗಲ್ಲ ಅಂತ ಸೋಮವಾರ ಬೆಳಿಗ್ಗೇನೇ ಮ್ಯಾನೇಜರ್‌ಗೆ ಹೇಳೋಣ ಅಂತ್ಲೇ ಎದ್ದು ಕೆಳಗೆ ಬರ್ತಿದ್ದೆ. ಮೆಟ್ಟಿಲ ಮೇಲಿದ್ದಾಗ ಕೇಳಿಸ್ತು, ಗ್ಲೆನ್ ಆಗ್ಲೇ ಫೋನಲ್ಲಿ ನಾನು ಚೆನ್ನಾಗಿದ್ದೀನಿ ಅಂದ್ಬಿಟ್ಟಿದ್ಲು. ಅವಳ ಮಾತು ಸುಳ್ಳು ಮಾಡಕ್ಕಾಗತ್ತಾ? ಸುಮ್ನೆ ವಾಪಸ್ ಹೋಗಿ ಮಲಕ್ಕೊಂಡೆ. ನೀನು ಅವಳಿಗೆ ಹೇಳ್ಬೇಡ, ನೊಂದ್ಕೋತಾಳೆ."

ನಾನು ಒಳಗೆ ಹೋದೆ. ತುಂಬ ದಿನದ ಮೇಲೆ ನನ್ನ ಗುರುತು ಸಿಕ್ಕಿತು. "ಬಾ ಗ್ಲೆನ್" ಅಂದರು. ಪಕ್ಕದಲ್ಲಿ ಕೂತು, ಆ ಗೋಲು ಹೇಗೆ ಹೊಡೆದಿರಿ, ಹೇಳಿ ಅಂದೆ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಹೆಲ್ಮೆಟ್ಟಿನ ಕತೆಯನ್ನೇ ಹೇಳಿದರು, ನಾನು ಹೇಳಿಕೊಟ್ಟ ಹಾಗೆಯೇ, ಒಂದು ಮಾತೂ ಬಿಡದೆ.