ಅರ್ಧ ಬಾಯಿ, ಪೂರ್ತಿ ಮೈಕು

ಫೆ. 4, ಮಂಗಳವಾರ. ಬೆಳಿಗ್ಗೆ 6:30

ಚಹಾ ಮತ್ತೆ ಬಾಯಿಯ ಎಡಗಡೆಯಿಂದ ಸೋರಿತು. ಸೀರೆ ಹಾಳು. ಹನ್ನೆರಡು ದಿನದ ರಜೆ ಮುಗಿಯಿತು, ಇಂದು ಡ್ಯೂಟಿ. ಲಕ್ವಾ ಹೊಡೆದದ್ದು ಮುಖದ ಎಡಭಾಗಕ್ಕಷ್ಟೇ. ತಿಂಗಳೋ ಎರಡೋ, ಸರಿಹೋಗುತ್ತೆ ಎಂದಿದ್ದಾರೆ ಡಾಕ್ಟರು. ದಿನಾ ಬಲೂನು ಊದಬೇಕಂತೆ. ನಲವತ್ತಾರನೇ ವಯಸ್ಸಿಗೆ ಬಲೂನು!

ಮಗಳು ಐಶ್ವರ್ಯಳ ಮೆಸೇಜು: "ಪಾಸಿಟಿವ್ ಇರು ಮಮ್ಮಿ, ಯಾವಾಗ್ಲೂ ನಗಕೋತ ಇರು." ನಗುತ್ತಲೇ ಇದ್ದೇನೆ. ಅರ್ಧ.

ಮಧ್ಯಾಹ್ನ

ದೇವರ ಹಿಪ್ಪರಗಿ ಬಸ್‌ಸ್ಟ್ಯಾಂಡಿನಲ್ಲಿ ಹತ್ತೊಂಬತ್ತು ವರ್ಷ ಮೈಕಿನಲ್ಲಿ ಯಾವ ಗಾಡಿ ಯಾವ ಊರಿಗೆಂದು ಕೂಗಿದವಳು ನಾನು. ಇಂದು ಸ್ಟ್ಯಾಂಡಿನ ಮ್ಯಾನೇಜರ್ ಗುರುನಾಥ ಸಾಹೇಬರು ಕರೆದು ಹೇಳಿದರು: "ಜಯಮಾಲಾ ಅವ್ರ, ಒಂದನೇ ತಾರೀಕಿಗೆ ರೆಕಾರ್ಡಿಂಗ್ ಮಷೀನ್ ಬರತೈತ್ರಿ. ನೀವು ಡಿಪೋದಾಗ ಫೈಲ್ ನೋಡ್ರಿ. ನಿಮಗೂ ಆರಾಮ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಬೈಯಲೂ ಆಗಲಿಲ್ಲ. ಫೈಲುಗಳ ನಡುವೆ ನಾನು ಬದುಕುವುದಿಲ್ಲ.

ಫೆ. 10, ಸೋಮವಾರ

ರಜೆಯಲ್ಲಿ ನನ್ನ ಬದಲಿಗೆ ಬೇರೆಯವರು ಕೂಗಿದ್ದರು; ನಾನು ಬಂದು ಆರು ದಿನವಾದರೂ ಮೈಕು ಮುಟ್ಟಿಲ್ಲ. ನಾಚಿಕೆ. ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುತ್ತೇನೆ, ದುಂಡಗೆ. ಗುಂಡವ್ವನಿಗೆ ಓದಲು ಬರುವುದಿಲ್ಲ ಎಂಬುದೇ ಮರೆತುಹೋಗಿತ್ತು. ಪ್ರತಿ ಸೋಮವಾರ ಬಸವಣ್ಣನ ದರ್ಶನಕ್ಕೆ ಬಾಗೇವಾಡಿಗೆ ಹೋಗುವ ಮುದುಕಿ. ಕಣ್ಣೂ ಮಂಜು. ಗಾಡಿ ಹೋಗಿ ತಾಸಾದರೂ ಕಟ್ಟೆಯ ಮೇಲೆ ಕೂತೇ ಇದ್ದಳು.

"ನೀ ಒದರಲೇ ಇಲ್ಲಲ್ಲ ಯವ್ವಾ."

ಹನ್ನೊಂದು ವರ್ಷದಲ್ಲಿ ಅವಳಿಗೆ ತಪ್ಪಿದ ಮೊದಲ ಸೋಮವಾರ. ನನ್ನಿಂದ.

ಫೆ. 12

ಊರ ಹೆಸರುಗಳ ಪ್ರಾಕ್ಟೀಸು. ಇಂಡಿ ಬಂತು. ಸಿಂದಗಿಯೂ ಬಂತು. ಮುದ್ದೇಬಿಹಾಳಕ್ಕೆ ತುಟಿ ಕೂಡಬೇಕು — ಕೂಡುತ್ತಿಲ್ಲ. ಬಸವನ ಬಾಗೇವಾಡಿಯಂತೂ ಬರೀ ಗಾಳಿ. ಊರಿಗೆ ಹೆಸರಿಟ್ಟವರನ್ನೆಲ್ಲ ಬೈದೆ. ಡ್ರೈವರ್ ಫಕೀರಸಾಬ ಕೇಳಿಸಿಕೊಂಡ.

"ಕೆನ್ನಿಗೆ ಬೆರಳ ಒತ್ತಿ ಹಿಡದು ಹೇಳ್ರಿ ಮೇಡಮ್ಮಾರ. ನಮ್ಮ ಅಬ್ಬಾಗೂ ಹಿಂಗ ಆಗಿತ್ತು."

ಒತ್ತಿದೆ. ಮುಕ್ಕಾಲು ಬಂತು!

ಫೆ. 17, ಸೋಮವಾರ. 8:15

ಮೈಕು ಆನ್ ಮಾಡಿದೆ. ಒಂದು ಕೈ ಸ್ವಿಚ್ಚಿಗೆ, ಒಂದು ಕೆನ್ನೆಗೆ. ಮುದ್ದೇಬಿಹಾಳ ಸೊಟ್ಟಗೆ ಬಂತು. ಕಾಲೇಜು ಹುಡುಗಿಯರು ಕಿಸಕ್ಕನೆ ನಕ್ಕರು. ನಕ್ಕರೂ ಹತ್ತಿದ್ದು ಸರಿಯಾದ ಗಾಡಿಗೇ.

ಗುಂಡವ್ವ ಅದೇ ಕಟ್ಟೆಯ ಮೇಲೆ. ಸಾಹೇಬರು ಬಾಗಿಲಲ್ಲಿ. ಇನ್ನು ಬಾಗೇವಾಡಿ ಕೂಗಬೇಕು.

8:50

ಹೇಳಿದೆ. "ಬಸವನ…" ಅನ್ನುವಷ್ಟರಲ್ಲೇ ಗುಂಡವ್ವ ಎದ್ದು ಚೀಲ ಎತ್ತಿದಳು. ಹೋಗುತ್ತ ನನ್ನ ಮೈಕಿನ ಕೋಣೆಯ ಕಿಟಕಿಗೆ ಬಂದಳು.

"ದನಿ ಸೊಟ್ಟ ಆಗೈತಿ. ಆದ್ರ ನಿಂದ ಐತಿ ಬಿಡು."

ಅತ್ತುಬಿಟ್ಟೆ. ಎಡಗಣ್ಣು ಈಗ ಹೇಗೂ ಸದಾ ಸೋರುತ್ತದೆ, ಯಾರಿಗೂ ಗೊತ್ತಾಗಲಿಲ್ಲ. ಸಾಹೇಬರಿಗೆ ಗೊತ್ತಾಯಿತೇನೋ. "ಡಿಪೋಕ್ಕ ಬ್ಯಾರೇದವ್ರನ್ನ ನೋಡ್ತೇನ್ರಿ, ಮೈಕಿಗೆ ನೀವ ಇರ್ರಿ" ಎಂದು ಹೊರಟುಹೋದರು.

ಐಶ್ವರ್ಯಳಿಗೆ ತಿಳಿಸಬೇಕು. ಇವತ್ತು ಅಳುತ್ತಲೇ ನಿಜವಾಗಿಯೂ ನಕ್ಕೆ ಅಂತ… ಇಂಡಿ ಗಾಡಿ ಗೇಟಿಗೆ ಬಂತು, ಮೈಕು —