ಪದ್ಮಾಬಾಯಿಯವರ ಪಡಸಾಲೆ

೩೦ ಅಕ್ಟೋಬರ್ ೧೯೯೮, ಶುಕ್ರವಾರ, ಸೇಡಂ

ಬಿ.ಎಡ್‌ನ ಇಪ್ಪತ್ತೂ ಪಾಠಯೋಜನೆ ಮುಗಿದವು! ನಾಳೆ ಒಪ್ಪಿಸುವುದೊಂದೇ ಬಾಕಿ.

ನನ್ನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಒಂದು ತಿಂಗಳು ಕೂತು ಬರೆದದ್ದು ಎರಡೇ ಎರಡು. ಐದು ನಿಮಿಷಕ್ಕೊಮ್ಮೆ ಏಳುವುದು, ಕಪಾಟು ಜೋಡಿಸುವುದು. ಹಾಳು ಬುದ್ಧಿ! ಉಳಿದ ಹದಿನೆಂಟನ್ನು ಪಕ್ಕದ ಮನೆಯ ಪದ್ಮಾಬಾಯಿಯವರ ಪಡಸಾಲೆಯಲ್ಲಿ ಒಂಬತ್ತೇ ದಿನಕ್ಕೆ ಬರೆದೆ. ಅವರು ಲಕ್ಷಬತ್ತಿಯ ನೇಮ ಹಿಡಿದು ಎದುರಿಗೆ ಬತ್ತಿ ಹೊಸೆಯುತ್ತಿರುತ್ತಾರೆ. ಎಣಿಕೆ ತಪ್ಪೀತೆಂದು ಮಾತಾಡುವುದಿಲ್ಲ. ನಾನು ಎದ್ದರೆ ಮಾತ್ರ ತಲೆಯೆತ್ತಿ ನೋಡುತ್ತಾರೆ. ಮತ್ತೆ ಕೂತುಬಿಡುತ್ತೇನೆ.

ಅಣ್ಣ ವಿಠ್ಠಲ್ ನಗುತ್ತಾನೆ: "ಬರೀಲಿಕ್ಕೂ ಕಾವಲು ಬೇಕೇನು ನಿನಗ?"

ಬೇಕು. ಹಾಗೆಂದು ಹೇಳಲು ನನಗಿನ್ನು ನಾಚಿಕೆಯಿಲ್ಲ.

ಇವತ್ತು ಮಧ್ಯಾಹ್ನ ಪುಸ್ತಕ ಮುಚ್ಚಿ, "ಕಾಕು, ನಂದು ಮುಗೀತ್ರಿ. ನಾಳಿಂದ ನಿಮಗ ತ್ರಾಸ ಕೊಡಂಗಿಲ್ಲ" ಎಂದೆ.

ಹೊಸೆಯುವ ಕೈ ನಿಂತಿತು.

"ಹಂಗನಬ್ಯಾಡ ಶುಭಾ. ಮೂರು ವರ್ಷದಿಂದ ಈ ನೇಮ ಹಿಡದು ನಡುವ ಬಿಡ್ತಿದ್ದೆ. ನೀ ಎದುರಿಗೆ ಕೂತ ಮ್ಯಾಲ ಕೈ ಓಡಲಿಕತ್ತದ. ಇನ್ನ ನಾಕು ಸಾವಿರ ಅವ. ನಾಳಿನೂ ಬಾ, ಏನರ ಬರಿ."

ನಾಳೆ ಈ ದಿನಚರಿಯನ್ನೇ ಒಯ್ಯುತ್ತೇನೆ. ನಾಲ್ಕು ಸಾವಿರ ಬತ್ತಿಗೆ ಎಷ್ಟು ಪುಟ ಬೇಕಾದೀತೋ...